ಪಾಕವಿಧಿಯ ಪರೀಕ್ಷೆ

ಅಡುಗೆಯ ಕ್ರಮವನ್ನು ಬರೆದಿಡುವ ಸಂಪ್ರದಾಯವು ಕನ್ನಡ ನಾಡಿನಲ್ಲಿ ಸಾವಿರ ವರ್ಷಗಳಷ್ಟು ಹಳೆಯದು. ಬರೆದಿಟ್ಟದ್ದನ್ನು ಮನೆಯ ಒಲೆಯ ಮೇಲೆ ಮಾಡಿ ನೋಡಿ, ಅದರ ಸತ್ಯಾಸತ್ಯಗಳನ್ನು ನಾಲಗೆಯಿಂದ ನಿರ್ಣಯಿಸುವ ಕಾರ್ಯವೂ ಅದಕ್ಕಿಂತ ಬಹಳ ಕಿರಿಯದಾಗಿರಲಾರದು. ಇಂದು ಅಂತರ್ಜಾಲದಲ್ಲಿ ದೊರೆತ ಪಾಕವಿಧಿಯೊಂದನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಂಡು, ಕೈಯಲ್ಲಿ ಸೌಟು ಹಿಡಿದು, ಹಿಟ್ಟಿನ ಹದವನ್ನು ಸಂಶಯದಿಂದ ನಿರೀಕ್ಷಿಸುತ್ತ ನಿಂತವರು ತಾವು ಅಪೂರ್ವವಾದ ಸಾಹಸಕ್ಕೆ ಕೈಯಿಕ್ಕಿರುವೆವೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಬರಹವು ಹೇಳದೆ ಬಿಟ್ಟದ್ದನ್ನು ಅಡುಗೆಮನೆ ತುಂಬಿಕೊಡುವ ಈ ವ್ಯವಹಾರವು ಪುರಾತನವಾದುದು. ಕಾಲಕಾಲಕ್ಕೆ ಬದಲಾಗುತ್ತ ಬಂದಿರುವುದು ಪರೀಕ್ಷೆಯ ಹೊಣೆ ಯಾರ ಮೇಲೆ ಎಂಬುದು.

ನಮಗೆಲ್ಲ ಚಿರಪರಿಚಿತವಾದ ಇಡ್ಲಿಯನ್ನೇ ತೆಗೆದುಕೊಳ್ಳೋಣ. ಸುಮಾರು ಕ್ರಿ.ಶ. 920ರ ಶಿವಕೋಟ್ಯಾಚಾರ್ಯನ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುವುದಾದರೂ ಅದನ್ನು ಮಾಡುವ ಕ್ರಮವನ್ನು ಅಲ್ಲಿ ಹೇಳಿಲ್ಲ. ಕ್ರಮವು ದೊರೆಯುವುದು ಮುಂದಿನ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ. ಈತನು ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಲ್ಲ, ಬೇರೊಬ್ಬನು. ವಾಸ್ತು, ಜಲಶೋಧನೆ, ವೃಕ್ಷಾಯುರ್ವೇದ, ಗಂಧಯುಕ್ತಿ, ವೈದ್ಯ ಮೊದಲಾದ ಲೋಕೋಪಯೋಗಿ ವಿದ್ಯೆಗಳನ್ನು ಒಟ್ಟುಗೂಡಿಸಿರುವ ಆ ಗ್ರಂಥದಲ್ಲಿ ಸೂಪಶಾಸ್ತ್ರಕ್ಕೂ ಒಂದು ಅಧ್ಯಾಯವುಂಟು. ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಕೊತ್ತಂಬರಿ, ಜೀರಿಗೆ, ಮೆಣಸು, ಇಂಗುಗಳನ್ನೂ ಕೂಡಿಸಬೇಕೆಂಬುದು ಅಲ್ಲಿಯ ವಿಧಾನ.

ಈ ವಿಧಿಯನ್ನು ಯಾರಾದರೂ ಇಂದಿನ ಅಡುಗೆಮನೆಯಲ್ಲಿ ಚಾಚೂ ತಪ್ಪದೆ ಅನುಸರಿಸಿದರೆ, ತಟ್ಟೆಗೆ ಬರುವ ಪದಾರ್ಥವನ್ನು ಬೆಳಗಿನ ಹೊಟೇಲಿನ ಇಡ್ಲಿಯ ಬಂಧುವೆಂದು ಗುರುತಿಸುವುದು ಸುಲಭವಲ್ಲ. ಅಕ್ಕಿಯನ್ನು ಸೇರಿಸುವುದು, ಹಿಟ್ಟನ್ನು ರಾತ್ರಿಯೆಲ್ಲ ಹುಳಿಯಲು ಬಿಡುವುದು, ಹಬೆಯಲ್ಲಿ ಬೇಯಿಸುವುದು ಎಂಬ ಮೂರು ಅಂಶಗಳೂ ಪ್ರಾಚೀನ ಉಲ್ಲೇಖಗಳಲ್ಲಿ ಕಾಣುವುದಿಲ್ಲವೆಂದು ಆಹಾರದ ಇತಿಹಾಸಕಾರರಾದ ಕೆ.ಟಿ. ಅಚಯ ಅವರು ತೋರಿಸಿಕೊಟ್ಟಿದ್ದಾರೆ. ಕವಿಯು ಅವನ್ನು ಅರಿಯದೆ ಬಿಟ್ಟನೊ, ಎಲ್ಲರಿಗೂ ತಿಳಿದ ಸಂಗತಿಯನ್ನು ಹೇಳುವುದು ಪುನರುಕ್ತಿಯೆಂದು ಬಿಟ್ಟನೊ ಎಂಬುದನ್ನು ಗ್ರಂಥದ ಅಕ್ಷರಗಳಿಂದ ಮಾತ್ರ ನಿರ್ಧರಿಸಲಾಗದು; ಮಾಡಿ ನೋಡಿದವರಿಗಾದರೋ, ಆ ಮೌನವು ಎಷ್ಟು ದೊಡ್ಡದೆಂಬುದು ಮೊದಲನೆಯ ತುತ್ತಿನಲ್ಲಿಯೇ ತಿಳಿದುಬಿಡುತ್ತದೆ.

ಹನ್ನೆರಡನೆಯ ಶತಮಾನದಲ್ಲಿ ಆಳಿದ ಮುಮ್ಮಡಿ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥವಾದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಅರಮನೆಯ ಭಕ್ಷ್ಯಭೋಜ್ಯಗಳನ್ನು ವರ್ಣಿಸಿದನು, ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಜೈನಕವಿಯಾದ ಮೂರನೆಯ ಮಂಗರಸನು ಹಿಟ್ಟಿನ ತಿಂಡಿಗಳು, ಪಾನಕಗಳು, ಅನ್ನದ ಬಗೆಗಳು, ಬದನೆ, ಬಾಳೆ, ಹಲಸುಗಳ ಶಾಕಪಾಕಗಳು ಇವೆಲ್ಲವನ್ನೂ ‘ಸೂಪಶಾಸ್ತ್ರ’ದ ವಾರ್ಧಕ ಷಟ್ಪದಿಗಳಲ್ಲಿ ಅಳವಡಿಸಿದನು. ಲಕ್ಷ್ಮೀಶನು ‘ಜೈಮಿನಿ ಭಾರತ’ದಲ್ಲಿ ಬಳಸಿದ ಛಂದಸ್ಸೂ ಇದೇ. ಪದ್ಯವು ಬಾಯಿಪಾಠಕ್ಕೆ ಒದಗುವುದು ನಿಜ. ಆದರೆ ಐದು ಮಾತ್ರೆಯ ಗಣಗಳ ಹಾದಿಯಲ್ಲಿ ನಡೆಯಬೇಕಾದ ಕವಿಗೆ ಉಪ್ಪಿನ ತೂಕವನ್ನೂ ಉರಿಯ ಹೊತ್ತನ್ನೂ ನಿಷ್ಕರ್ಷಿಸಿ ಹೇಳುವ ಅವಕಾಶ ಕಿರಿದು. ಈ ಗ್ರಂಥಗಳ ಖಾರವು ಬಹುಮಟ್ಟಿಗೆ ಕರಿಮೆಣಸಿನದು. ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೆಟೊಗಳು ಅಮೆರಿಕ ಖಂಡದಿಂದ ಹೊರಟು ನಮ್ಮ ಹಿತ್ತಿಲನ್ನು ಸೇರಿದ್ದು ಆ ತರುವಾಯ. ಆದ್ದರಿಂದ ಹಳೆಯ ಪಾಕವನ್ನು ಪರೀಕ್ಷಿಸಹೊರಟವರು ಕೈಯಭ್ಯಾಸದಿಂದ ಒಗ್ಗರಣೆಗೆ ಬೀಳುವ ಒಣಮೆಣಸಿನಕಾಯಿಯನ್ನು ಮೊದಲು ತಡೆಹಿಡಿಯಬೇಕಾಗುತ್ತದೆ.

ಪದ್ಯವು ಬಿಟ್ಟ ಅಳತೆಯನ್ನು ಮನೆಯ ಹಿರಿಯರು ತಮ್ಮ ಇಂದ್ರಿಯಗಳಲ್ಲಿ ಕಾಪಾಡಿಕೊಂಡಿದ್ದರು. ಸಕ್ಕರೆಯ ಪಾಕವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಎಳೆದು ಒಂದೆಳೆಯೊ ಎರಡೆಳೆಯೊ ಎಂದು ಎಣಿಸುವುದು, ಬೆಲ್ಲದ ಪಾಕದ ತೊಟ್ಟನ್ನು ತಣ್ಣೀರಿಗೆ ಬಿಟ್ಟು ಅದು ಕರಗಿತೊ ಉಂಡೆಯಾಯಿತೊ ಎಂದು ನೋಡುವುದು, ಉದ್ದಿನವಡೆಯ ಹಿಟ್ಟು ನೀರಿನಲ್ಲಿ ತೇಲಿದರೆ ರುಬ್ಬಿದ್ದು ಸಾಕೆಂದು ತಿಳಿಯುವುದು, ಹಸಿವಾಸನೆ ಹೋಗುವ ತನಕ ಹುರಿಯುವುದು, ಕಾದ ಎಣ್ಣೆಗೆ ಚಿಟಿಕೆ ಹಿಟ್ಟನ್ನು ಹಾಕಿ ಅದು ಮೇಲೇಳುವ ವೇಗದಿಂದ ಬಿಸಿಯನ್ನು ಅಳೆಯುವುದು, ಇವೆಲ್ಲವೂ ಯಾವ ಪ್ರಯೋಗಶಾಲೆಗೂ ನಾಚಬೇಕಾಗಿಲ್ಲದ ಪರೀಕ್ಷೆಗಳು. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ, ಮದುವೆಮನೆಯಲ್ಲಿ ಹಿರಿಯ ಬಾಣಸಿಗನಿಂದ ಕಿರಿಯನಿಗೆ ಇವು ಕಣ್ಣೆದುರಿನಲ್ಲಿಯೇ ಸಂದಾಯವಾಗುತ್ತಿದ್ದುದರಿಂದ ಬರಹವು ಸಂಕ್ಷೇಪವಾಗಿದ್ದರೂ ಬಾಧಕವಿರಲಿಲ್ಲ.

ಕುಟುಂಬವು ಚದುರತೊಡಗಿ, ಕಲಿಯುವವಳೊಂದು ಊರಿನಲ್ಲಿ ಕಲಿಸುವವಳೊಂದು ಊರಿನಲ್ಲಿ ಆದಾಗ, ಹೊಣೆಯು ಪುಸ್ತಕ ಬರೆದವರ ಮೇಲೆ ಬಿದ್ದಿತು. ಇಂಗ್ಲೆಂಡಿನಲ್ಲಿ ಎಲಿಜಾ ಆಕ್ಟನ್ ಎಂಬಾಕೆ 1845ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ವಿಧಿಗಳನ್ನು ತನ್ನ ಮನೆಯಲ್ಲಿಯೇ ಪರೀಕ್ಷಿಸಿರುವುದಾಗಿ ತಿಳಿಸಿ, ಸಾಮಗ್ರಿಯ ಪ್ರಮಾಣವನ್ನೂ ಬೇಯುವ ಕಾಲವನ್ನೂ ಪ್ರತ್ಯೇಕವಾಗಿ ನಮೂದಿಸಿದಳು. ಅಮೆರಿಕದ ಬಾಸ್ಟನ್ನಿನ ಫ್ಯಾನಿ ಫಾರ್ಮರ್ 1896ರಲ್ಲಿ ತಲೆತಟ್ಟಿದ ಬಟ್ಟಲು ಚಮಚಗಳ ಅಳತೆಯನ್ನು ರೂಢಿಗೆ ತಂದಳು. ದಕ್ಷಿಣ ಭಾರತದಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ ಅವರ ತಮಿಳು ಪುಸ್ತಕ ‘ಸಮೈತ್ತುಪ್ಪಾರ್’ 1951ರಲ್ಲಿ ಹೊರಬಂದು, ಹೊಸದಾಗಿ ಸಂಸಾರ ಹೂಡಿದ ಅಸಂಖ್ಯ ಹೆಣ್ಣುಮಕ್ಕಳಿಗೆ ದೂರದಲ್ಲಿದ್ದ ತಾಯಿಯ ಸ್ಥಾನವನ್ನು ತುಂಬಿತು. ಆದರೆ ಅಳತೆ ಬರೆದೊಡನೆ ಸಂದೇಹ ತೀರಲಿಲ್ಲ. ನಮ್ಮಲ್ಲಿ ನಾಲ್ಕು ಪಾವಿಗೆ ಒಂದು ಸೇರು, ಹದಿನಾರು ಚಟಾಕಿಗೆ ಒಂದು ಸೇರು ಎಂಬ ಲೆಕ್ಕ ಸ್ಥಿರವಾಗಿದ್ದರೂ ಸೇರು ಮಾತ್ರ ಸೀಮೆಯಿಂದ ಸೀಮೆಗೆ ಭಿನ್ನವಾಗಿದ್ದಿತು. 1956ರ ಶಾಸನದಿಂದ ಮೆಟ್ರಿಕ್ ಪದ್ಧತಿಯು ವಿಧಿಸಲ್ಪಟ್ಟು 1958ರಿಂದ ಕ್ರಮೇಣ ಅಂಗಡಿಗಳಿಗೆ ಬಂದ ಮೇಲೆ, ಸೇರು ಪಾವುಗಳಲ್ಲಿ ಕಲಿತ ಅಡುಗೆಯನ್ನು ಗ್ರಾಮುಗಳಿಗೆ ಹೊಂದಿಸುವ ಮರುಪರೀಕ್ಷೆಯೂ ಮನೆಮನೆಯ ಪಾಲಿಗೆ ಬಂದಿತು.

ಇದೇ ಕಾಲದಲ್ಲಿ ಅಡುಗೆಯ ಪರೀಕ್ಷೆಗೆ ಪ್ರಯೋಗಶಾಲೆಯೂ ಕೈಹಾಕಿತು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸ ಸೌಧದಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ನೆಲೆಗೊಂಡಿತು. ಮುಂದಿನ ದಶಕಗಳಲ್ಲಿ ವಿಜ್ಞಾನಿಗಳು ಇಡ್ಲಿಯ ಹಿಟ್ಟನ್ನು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿ, ಲ್ಯೂಕೊನಾಸ್ಟಾಕ್ ಎಂಬ ಸೂಕ್ಷ್ಮಜೀವಿಯು ಹೊರಡಿಸುವ ವಾಯುವನ್ನು ಉದ್ದಿನ ಅಂಟು ಹಿಡಿದಿಡುವುದರಿಂದಲೇ ಹಿಟ್ಟು ಉಬ್ಬುವುದೆಂದು ನಿರೂಪಿಸಿದರು. ಮಂಗಳೂರಿನ ಸೆಕೆಯಲ್ಲಿ ಹಿಟ್ಟು ಬೇಗನೆ ಹುಳಿಯುವುದೂ ಬೆಂಗಳೂರಿನ ಮಾಗಿಯಲ್ಲಿ ಬೆಳಗಾದರೂ ಏಳದಿರುವುದೂ ಈ ಜೀವಿಗಳ ಚಟುವಟಿಕೆಯನ್ನು ಅವಲಂಬಿಸಿವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುವುದರಿಂದ ತೆರೆದ ಪಾತ್ರೆಯ ತೊಗರಿಬೇಳೆಯು ಕರಾವಳಿಯಲ್ಲಿ ಬೇಯುವುದಕ್ಕಿಂತ ನಿಧಾನವಾಗಿ ಬೇಯುತ್ತದೆ; ಕೊಳವೆಬಾವಿಯ ಗಡಸುನೀರಾದರೆ ಇನ್ನೂ ತಡ.

ಈಗ ಪಾಕವಿಧಿಯು ಸಮುದ್ರ ದಾಟಿ ಕ್ಷಣದಲ್ಲಿ ಬಂದು ಇಳಿಯುತ್ತದೆ. ಅದರೊಂದಿಗೆ ಅದು ಹುಟ್ಟಿದೂರಿನ ಹವೆಯೂ ನೀರೂ ಬರುವುದಿಲ್ಲ. ಅಮೆರಿಕದ ಬಟ್ಟಲು ಸುಮಾರು 237 ಮಿಲಿಲೀಟರಿನದಾದರೆ ಆಸ್ಟ್ರೇಲಿಯದ್ದು 250ರದು. ಆಸ್ಟ್ರೇಲಿಯದ ದೊಡ್ಡ ಚಮಚವು 20 ಮಿಲಿಲೀಟರನ್ನು ಹಿಡಿದರೆ ಅಮೆರಿಕದ್ದು ಸುಮಾರು 15ನ್ನು ಹಿಡಿಯುತ್ತದೆ. ವಿಧಿಯನ್ನು ಬರೆದವರು ಅದನ್ನು ತಮ್ಮ ಮನೆಯಲ್ಲಿ ಪರೀಕ್ಷಿಸಿದ್ದರೂ ನಮ್ಮ ಮನೆಯಲ್ಲಿ ಪರೀಕ್ಷಿಸಿಲ್ಲವಾದ ಕಾರಣ, ಒಮ್ಮೆ ಹಿರಿಯರದಾಗಿದ್ದು ತರುವಾಯ ಗ್ರಂಥಕರ್ತರದಾದ ಹೊಣೆಯು ಈಗ ಓದುಗರ ಕೈಗೆ ಬಂದಿದೆ. ಹೀಗೆ ಬಂದುದನ್ನು ಭಾರವೆಂದು ಬಗೆಯಬೇಕಾಗಿಲ್ಲ. ಮಾಡಿ ನೋಡಿದವರು ತಾವು ಬದಲಿಸಿದ ನೀರಿನ ಪ್ರಮಾಣವನ್ನೂ, ಹಿಟ್ಟು ಏಳಲು ಹಿಡಿದ ಹೊತ್ತನ್ನೂ, ಆಗಿನ ಋತುವನ್ನೂ, ಪಾತ್ರೆಯ ಬಗೆಯನ್ನೂ ಎರಡು ಸಾಲಿನಲ್ಲಿ ಬರೆದಿಟ್ಟರೆ, ಚಾವುಂಡರಾಯನೂ ಮಂಗರಸನೂ ತಮ್ಮ ಕಾಲದ ಓದುಗನಿಗೆ ಹೇಳಬೇಕಾದ ಅಗತ್ಯವನ್ನು ಕಾಣದೆ ಬಿಟ್ಟ ವಿಷಯವನ್ನು ನಮ್ಮ ಕಾಲವು ಮುಂದಿನವರಿಗೆ ಉಳಿಸಿದಂತಾಗುತ್ತದೆ. ಅಂಥ ಟಿಪ್ಪಣಿಯಿಲ್ಲದ ವಿಧಿಯು, ಎಷ್ಟೇ ಸುಂದರವಾದ ಚಿತ್ರಗಳೊಡನೆ ಬಂದರೂ, ಅರ್ಧ ಬರೆದ ಗ್ರಂಥವೇ ಸರಿ.