ಏನನ್ನು ಉಳಿಸಲು? ಮದ್ರಾಸಿನ ಸಂಪ್ರದಾಯವಾದಿಗಳಿಂದ ಒಂದು ಪಾಠ

ಉರ್ದುವಿನಲ್ಲಿ ‘ಕದಾಮತ್ ಪಸಂದ್’ ಅಂತ ಒಂದು ಮಾತಿದೆ. ಹಳೆಯದನ್ನು ಮೆಚ್ಚುವವನು ಎಂದರ್ಥ. ಕನ್ನಡದಲ್ಲಿ ನಾವು ‘ಸಂಪ್ರದಾಯವಾದಿ’ ಅನ್ನುತ್ತೇವೆ. ಪತ್ರಿಕೆಗಳು ‘ಬಲಪಂಥೀಯ’ ಎಂದು ಬರೆಯುತ್ತವೆ. ಒಮ್ಮೆ ತರಗತಿಯಲ್ಲಿ ಈ ಮೂರೂ ಪದಗಳನ್ನು ಬೋರ್ಡಿನ ಮೇಲೆ ಬರೆದು, ಇವು ಒಂದೇನಾ, ಬೇರೆ ಬೇರೆನಾ ಅಂತ ಕೇಳಿದೆ. ಎಲ್ಲರೂ ‘ಒಂದೇ’ ಅಂದರು. ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರ ಎದ್ದು ನಿಂತು, ‘ಹಾಗಾದ್ರೆ ನಮ್ಮ ದಾದಾನೂ ಬಲಪಂಥೀಯರಾ?’ ಅಂದ. ಅವನ ದಾದಾ ಐದು ಹೊತ್ತು ನಮಾಜು ಬಿಡದವರು, ಬಡ್ಡಿ ಮುಟ್ಟದವರು. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ, ಯಾಕಂದ್ರೆ ಪ್ರಶ್ನೆ ಸರಿಯಾಗಿತ್ತು.

ಅದಕ್ಕೆ ಉತ್ತರ ಹುಡುಕಲು ಇವತ್ತು ನಿಮ್ಮನ್ನು ಚೆನ್ನೈಗೆ ಕರೆದುಕೊಂಡು ಹೋಗುತ್ತೇನೆ. ಸ್ವತಂತ್ರ ಭಾರತದಲ್ಲಿ ‘ಹಳೆಯದನ್ನು ಉಳಿಸಬೇಕು’ ಎಂದವರ ಎಷ್ಟು ಬಗೆಗಳಿದ್ದವು, ಅವರು ಎಲ್ಲಿ ಕೂಡಿದರು, ಎಲ್ಲಿ ಒಡೆದರು ಎಂಬುದನ್ನು ಒಂದೇ ಊರಲ್ಲಿ ನಿಂತು ನೋಡಬೇಕೆಂದರೆ ಅದಕ್ಕೆ ಮದ್ರಾಸಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಮೌಂಟ್ ರೋಡ್, ಅಂದರೆ ಇಂದಿನ ಅಣ್ಣಾ ಸಾಲೈ ಪಕ್ಕದ ಓಮಂದೂರಾರ್ ಎಸ್ಟೇಟಿನಲ್ಲಿ ದೊಡ್ಡ ಕಂಬಗಳ, ಎತ್ತರದ ಮೆಟ್ಟಿಲುಗಳ ಒಂದು ಬಿಳಿ ಕಟ್ಟಡವಿದೆ. 2016ರ ಡಿಸೆಂಬರಿನಲ್ಲಿ ಜಯಲಲಿತಾ ಅವರ ಪಾರ್ಥಿವ ಶರೀರವನ್ನು ಇಟ್ಟಿದ್ದು ಅಲ್ಲೇ; ಟಿವಿಯಲ್ಲಿ ನೀವು ನೋಡಿರುತ್ತೀರಿ. ಈಗ ಅದರ ಹೆಸರು ರಾಜಾಜಿ ಹಾಲ್. ಇಂಗ್ಲಿಷರ ಕಾಲದಲ್ಲಿ ಅದು ಔತಣಕೂಟದ ಸಭಾಂಗಣ, ಬ್ಯಾಂಕ್ವೆಟಿಂಗ್ ಹಾಲ್. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನರನ್ನು ಸೋಲಿಸಿದ ಸಂಭ್ರಮದ ನೆನಪಿಗಾಗಿ ಕಟ್ಟಿಸಿದ್ದು, 1802ರಲ್ಲಿ ಮುಗಿಯಿತು.

ಅದೇ ಹಾಲಿನಲ್ಲಿ 1948ರ ಮಾರ್ಚ್ 10ರಂದು ಒಂದು ಸಭೆ ಸೇರಿತು. ದೇಶ ವಿಭಜನೆಯಾಗಿ ಏಳು ತಿಂಗಳು, ಗಾಂಧೀಜಿಯ ಹತ್ಯೆಯಾಗಿ ಬರೀ ಆರು ವಾರ. ಮುಸ್ಲಿಂ ಲೀಗನ್ನು ಮುಚ್ಚಿಬಿಡಿ ಎಂಬ ಒತ್ತಡ ಎಲ್ಲ ಕಡೆಯಿಂದ ಇತ್ತು. ನಮ್ಮವರಲ್ಲೇ ಹಲವರು ಅದನ್ನೇ ಹೇಳುತ್ತಿದ್ದರು. ತಿರುನೆಲ್ವೇಲಿ ಕಡೆಯ ಮುಹಮ್ಮದ್ ಇಸ್ಮಾಯಿಲ್ ಸಾಹೇಬರು, ಜನ ‘ಖಾಯಿದೆ ಮಿಲ್ಲತ್’ ಎಂದು ಕರೆದವರು, ಮುಚ್ಚಲು ಒಪ್ಪಲಿಲ್ಲ. ಭಾರತದಲ್ಲೇ ಉಳಿದ ಮುಸ್ಲಿಮರಿಗೆ, ಭಾರತದ ಸಂವಿಧಾನದೊಳಗೆ ಕೆಲಸ ಮಾಡುವ ಇಂಡಿಯನ್ ಯೂನಿಯನ್ ಮುಸ್ಲಿಂ ಲೀಗ್ ಆ ದಿನ ಹುಟ್ಟಿತು.

ಅವರು ಸಂಪ್ರದಾಯವಾದಿಯೇ? ಖಂಡಿತ. 1948ರ ನವೆಂಬರ್ 23ರಂದು ಸಂವಿಧಾನ ಸಭೆಯಲ್ಲಿ ಏಕರೂಪ ನಾಗರಿಕ ಸಂಹಿತೆಯ ವಿಧಿ ಚರ್ಚೆಗೆ ಬಂದಾಗ ಇಸ್ಮಾಯಿಲ್ ಸಾಹೇಬರು ಒಂದು ತಿದ್ದುಪಡಿ ತಂದರು. ಯಾವುದೇ ಸಮುದಾಯಕ್ಕೆ ತನ್ನದೇ ವೈಯಕ್ತಿಕ ಕಾನೂನು ಇದ್ದರೆ ಅದನ್ನು ಬಿಡು ಎಂದು ಬಲವಂತ ಮಾಡಬಾರದು ಎಂಬುದು ಅದರ ಸಾರ. ತಲೆಮಾರುಗಳಿಂದ ಬಂದ ಆಚರಣೆ ಜನರ ಧರ್ಮದ, ಬದುಕಿನ ಭಾಗ ಎಂದು ಅವರು ವಾದಿಸಿದರು.

ಅವರಿಗೆ ಉತ್ತರ ಕೊಟ್ಟವರಲ್ಲಿ ಗುಜರಾತಿನ ಕೆ.ಎಂ. ಮುನ್ಷಿ ಒಬ್ಬರು. ಮುನ್ಷಿ ಸೋಮನಾಥ ದೇವಾಲಯ ಮತ್ತೆ ಕಟ್ಟಲು ಮುಂದೆ ನಿಂತವರು, ಹಿಂದೂ ಪರಂಪರೆಯ ದೊಡ್ಡ ಅಭಿಮಾನಿ. ಆದರೆ ಆ ದಿನ ಅವರು ವೈಯಕ್ತಿಕ ಕಾನೂನನ್ನು ಧರ್ಮದಿಂದ ಬೇರೆ ಮಾಡಬೇಕು ಎಂದರು; ಹಿಂದೂ ಕಾನೂನಿನಲ್ಲೂ ಹೆಂಗಸರಿಗೆ ಅನ್ಯಾಯವಿದೆ ಎಂದು ಒಪ್ಪಿಕೊಂಡರು. ಇಸ್ಮಾಯಿಲ್ ಸಾಹೇಬರ ತಿದ್ದುಪಡಿ ಬಿದ್ದುಹೋಯಿತು. ಗಮನಿಸಿ: ಇಬ್ಬರೂ ಪರಂಪರೆಯ ಪರ. ಒಬ್ಬರಿಗೆ ಸಮುದಾಯದ ಕಟ್ಟಳೆ ಉಳಿಯಬೇಕು, ಇನ್ನೊಬ್ಬರಿಗೆ ರಾಷ್ಟ್ರದ ಏಕತೆ ಉಳಿಯಬೇಕು. ಮುನ್ಷಿಯವರ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಈಗ ಆ ಹಾಲಿಗೆ ಹೆಸರು ಕೊಟ್ಟವರ ಕಡೆ ಬರೋಣ. ಚಕ್ರವರ್ತಿ ರಾಜಗೋಪಾಲಾಚಾರಿ ನಮಗೇನೂ ದೂರದವರಲ್ಲ. ಹುಟ್ಟಿದ್ದು 1878ರಲ್ಲಿ, ಹೊಸೂರಿನ ಹತ್ತಿರದ ತೊರಪ್ಪಳ್ಳಿಯಲ್ಲಿ. ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ. ಗೀತೆ, ಉಪನಿಷತ್ತು, ರಾಮಾಯಣಗಳಲ್ಲಿ ಮುಳುಗಿದ ಮನುಷ್ಯ. 1937ರಲ್ಲಿ ಮದ್ರಾಸ್ ಪ್ರಾಂತದ ಪ್ರಧಾನಿಯಾದ ಕೂಡಲೇ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದರು. ಇದರಲ್ಲಿ ನಮ್ಮ ಯಾವ ಮೌಲಾನಾಗೂ ತಕರಾರು ಇರಲಾರದು.

ಆದರೆ ಅವರ ಸಂಪ್ರದಾಯಪ್ರೀತಿಗೆ ಇನ್ನೊಂದು ಮುಖವೂ ಇತ್ತು. ಮುಖ್ಯಮಂತ್ರಿಯಾಗಿದ್ದಾಗ 1953ರಲ್ಲಿ ಒಂದು ಶಿಕ್ಷಣ ಯೋಜನೆ ತಂದರು. ಮಕ್ಕಳು ಅರ್ಧ ದಿನ ಶಾಲೆಗೆ, ಉಳಿದರ್ಧ ದಿನ ಮನೆಯ ಕಸುಬು ಕಲಿಯಲು. ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಇದನ್ನು ‘ಕುಲ ಕಲ್ವಿ’, ಜಾತಿ ಶಿಕ್ಷಣ ಎಂದು ಕರೆದರು. ಕ್ಷೌರಿಕನ ಮಗ ಕ್ಷೌರಿಕನೇ, ಕುಂಬಾರನ ಮಗ ಕುಂಬಾರನೇ ಆಗಿರಬೇಕಾ ಎಂದು ಕೇಳಿದರು. ಶಿಕ್ಷಕ ವೃತ್ತಿಯಲ್ಲಿರುವ ನನಗೆ ಆ ಪ್ರಶ್ನೆಯೇ ಸರಿ ಅನ್ನಿಸುತ್ತದೆ. 1954ರಲ್ಲಿ ರಾಜಾಜಿ ಕುರ್ಚಿ ಬಿಟ್ಟರು. ನಂತರ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು.

ಇಂಥ ರಾಜಾಜಿಯೇ 1942ರಲ್ಲಿ, ಮುಸ್ಲಿಂ ಲೀಗಿನ ಜೊತೆ ಮಾತಾಡಿ, ಅವರ ಬೇಡಿಕೆಯನ್ನು ತತ್ತ್ವದಲ್ಲಿ ಒಪ್ಪಿ ಎಂದು ಹೇಳಿ ಕಾಂಗ್ರೆಸ್ಸಿನಿಂದ ಹೊರಬಂದಿದ್ದರು. 1944ರಲ್ಲಿ ಗಾಂಧಿ–ಜಿನ್ನಾ ಮಾತುಕತೆಗೆ ಆಧಾರವಾದದ್ದು ಅವರದೇ ಸೂತ್ರ. ಹಿಂದೂ ಮಹಾಸಭಾದವರು ಅದಕ್ಕೆ ಕೆಂಡಕಾರಿದರು. ಗೀತೆ ಓದುವವರೆಲ್ಲ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

1959ರ ಜನವರಿಯಲ್ಲಿ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ ಜಂಟಿ ಸಹಕಾರಿ ಬೇಸಾಯದ ನಿರ್ಣಯ ಮಾಡಿತು. ರೈತನ ಹೊಲ ಕೈತಪ್ಪುತ್ತದೆ ಎಂಬ ಭಯ ಹಬ್ಬಿತು. ಅದೇ ವರ್ಷ ಜೂನ್ 4ರಂದು ಮದ್ರಾಸಿನಲ್ಲಿ, ಎಂಬತ್ತು ದಾಟಿದ ರಾಜಾಜಿ ಹೊಸ ಪಕ್ಷ ಘೋಷಿಸಿದರು. ಅದೇ ಸ್ವತಂತ್ರ ಪಕ್ಷ. ‘ಪರ್ಮಿಟ್-ಲೈಸೆನ್ಸ್ ರಾಜ್’ ಎಂಬ ಮಾತನ್ನು ಜನರ ಬಾಯಿಗೆ ತಂದವರು ಅವರೇ.

ಪಕ್ಷದೊಳಗೆ ಯಾರ್ಯಾರಿದ್ದರು ನೋಡಿ. ಆಂಧ್ರದ ರೈತ ನಾಯಕ ಎನ್.ಜಿ. ರಂಗಾ ಅಧ್ಯಕ್ಷರು, ಅವರಿಗೆ ಹೊಲ ಮುಖ್ಯ. ಮುಂಬಯಿಯ ಪಾರ್ಸಿ ಮಿನೂ ಮಸಾನಿ ಪ್ರಧಾನ ಕಾರ್ಯದರ್ಶಿ. ಒಂದು ಕಾಲಕ್ಕೆ ಸಮಾಜವಾದಿಯಾಗಿದ್ದವರು, ಈಗ ಮುಕ್ತ ವ್ಯಾಪಾರ ಮುಖ್ಯ. ಜೈಪುರದ ಗಾಯತ್ರಿ ದೇವಿಯಂಥ ರಾಜಮನೆತನದವರಿಗೆ ಹಳೆಯ ಮಾನ-ಮರ್ಯಾದೆ ಮುಖ್ಯ. ರಾಜಾಜಿಗೆ ಧರ್ಮ, ಮಿತವಾದ ಸರ್ಕಾರ ಮುಖ್ಯ. ಜೊತೆಗೆ ಬಂದವರು, ಹೌದು, ಅದೇ ಕೆ.ಎಂ. ಮುನ್ಷಿ. ಇವರನ್ನೆಲ್ಲ ಒಂದೇ ಚಾಪೆಯ ಮೇಲೆ ಕೂರಿಸಿದ್ದು ಒಂದು ಜಾಣ ನಿಯಮ: ಮೂಲ ತತ್ತ್ವಗಳನ್ನು ಬಿಟ್ಟು ಉಳಿದ ವಿಷಯಗಳಲ್ಲಿ ಸದಸ್ಯರಿಗೆ ಅವರವರ ಅಭಿಪ್ರಾಯದ ಸ್ವಾತಂತ್ರ್ಯ.

ಆ ನಿಯಮವೇ ಪಕ್ಷದ ಬಲ, ಅದೇ ಅದರ ಬಿರುಕು ಕೂಡ. ಹಿಂದಿಯ ವಿಷಯ ನೋಡಿ. 1949ರಲ್ಲಿ ಹಿಂದಿಯನ್ನು ಆಡಳಿತ ಭಾಷೆ ಮಾಡಿದ ರಾಜಿಸೂತ್ರಕ್ಕೆ ಮುನ್ಷಿಯವರದೇ ಹೆಸರು. ರಾಜಾಜಿಯಾದರೋ 1938ರಲ್ಲಿ ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿ ಪ್ರತಿಭಟನೆ ಎದುರಿಸಿದವರು, ವಯಸ್ಸಾದ ಮೇಲೆ ಹಿಂದಿ ಹೇರಿಕೆಯ ದೊಡ್ಡ ವಿರೋಧಿಯಾದರು. ಒಂದೇ ಪಕ್ಷ, ಎರಡು ದಿಕ್ಕು. 1964ರಲ್ಲಿ ವಿಶ್ವ ಹಿಂದೂ ಪರಿಷತ್ ಸ್ಥಾಪನೆಯಾದಾಗ ಸ್ಥಾಪಕರ ಜೊತೆ ಮುನ್ಷಿ ಇದ್ದರು. ರಾಜಾಜಿ ಆ ದಾರಿ ಹಿಡಿಯಲಿಲ್ಲ.

ಜನಸಂಘಕ್ಕೂ ಸ್ವತಂತ್ರ ಪಕ್ಷಕ್ಕೂ ಇದ್ದ ಅಂತರ ತಿಳಿಯಬೇಕೆಂದರೆ ಆ ವರ್ಷದ ಕಾಶ್ಮೀರವನ್ನು ನೋಡಬೇಕು. ಏಪ್ರಿಲ್‌ನಲ್ಲಿ ಶೇಖ್ ಅಬ್ದುಲ್ಲಾ ಜೈಲಿನಿಂದ ಬಿಡುಗಡೆಯಾದರು. ಕಾಶ್ಮೀರದ ಪೂರ್ಣ ವಿಲೀನವೇ ಆಗಬೇಕು ಎಂದು ಜನಸಂಘ ಹೇಳುತ್ತಿತ್ತು. ಶೇಖ್ ಮೇ ತಿಂಗಳಲ್ಲಿ ಮದ್ರಾಸಿಗೆ ಬಂದು ರಾಜಾಜಿಯನ್ನು ಕಂಡು ದೀರ್ಘವಾಗಿ ಮಾತಾಡಿದರು. ನೆಹರೂ ಅವರನ್ನು ಹಗಲೂ ರಾತ್ರಿ ಟೀಕಿಸುತ್ತಿದ್ದ ಈ ವೃದ್ಧರು, ಕಾಶ್ಮೀರದಲ್ಲಿ ರಾಜಿ ಹುಡುಕುವ ವಿಷಯದಲ್ಲಿ ಮಾತ್ರ ನೆಹರೂಗೆ ಹತ್ತಿರವಿದ್ದರು. ಆಸ್ತಿ, ಲೈಸೆನ್ಸಿನ ಲೆಕ್ಕದಲ್ಲಿ ಜನಸಂಘದ ನೆರೆಯವರು. ಮುಸಲ್ಮಾನರ ಜೊತೆ ಬಾಳುವ ಲೆಕ್ಕದಲ್ಲಿ ಬಹಳ ದೂರದವರು.

1967ರ ಚುನಾವಣೆ ಬಂತು. ಮದ್ರಾಸ್ ರಾಜ್ಯದಲ್ಲಿ ಕಾಂಗ್ರೆಸ್ ವಿರುದ್ಧ ಒಂದು ಕೂಟ ಕಟ್ಟಲಾಯಿತು. ಪೆರಿಯಾರರ ಗರಡಿಯಲ್ಲಿ ಬೆಳೆದ ಅಣ್ಣಾದುರೈ ಅವರ ಡಿಎಂಕೆ, ಬ್ರಾಹ್ಮಣ ರಾಜಾಜಿಯ ಸ್ವತಂತ್ರ ಪಕ್ಷ, ಇಸ್ಮಾಯಿಲ್ ಸಾಹೇಬರ ಮುಸ್ಲಿಂ ಲೀಗ್, ಜೊತೆಗೆ ಮಾರ್ಕ್ಸ್‌ವಾದಿ ಕಮ್ಯುನಿಸ್ಟರೂ! ಡಿಎಂಕೆ 137 ಸ್ಥಾನ ಗೆದ್ದು ಸರ್ಕಾರ ಮಾಡಿತು. ಸ್ವತಂತ್ರ ಪಕ್ಷಕ್ಕೆ ಲೋಕಸಭೆಯಲ್ಲಿ 44 ಸ್ಥಾನ ಬಂದು, ಅದೇ ದೊಡ್ಡ ವಿರೋಧ ಪಕ್ಷವಾಯಿತು. ಜನಸಂಘ 35.

ನಮ್ಮ ಮೈಸೂರು ರಾಜ್ಯದಲ್ಲೂ ವಿಧಾನಸಭೆಯಲ್ಲಿ ಸ್ವತಂತ್ರ ಪಕ್ಷ 16, ಜನಸಂಘ 4. ಆ ವರ್ಷ ಚಿತ್ರದುರ್ಗದಿಂದ ಲೋಕಸಭೆಗೆ ಗೆದ್ದವರು ಜಗಳೂರಿನ ಜೆ. ಮೊಹಮ್ಮದ್ ಇಮಾಂ, ಸ್ವತಂತ್ರ ಪಕ್ಷದಿಂದ. ಹತ್ತು ವರ್ಷ ಹಿಂದೆ ಅದೇ ಕ್ಷೇತ್ರದಿಂದ ಪ್ರಜಾ ಸಮಾಜವಾದಿ ಪಕ್ಷದಿಂದ ಗೆದ್ದಿದ್ದವರು. ಕನ್ನಡ ನಾಡಿನ ಒಬ್ಬ ಮುಸ್ಲಿಂ ನಾಯಕರು ‘ಬಲಪಂಥೀಯ’ ಎನಿಸಿದ ಪಕ್ಷದ ಸಂಸದರಾಗಿದ್ದರು ಅಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ಆ ಪಕ್ಷದ ಬಾಗಿಲು ಅವರಿಗೆ ತೆರೆದಿತ್ತು ಎಂಬುದೇ ಇಲ್ಲಿ ಪಾಠ.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. 1971ರಲ್ಲಿ ಇಂದಿರಾ ಗಾಂಧಿಯವರನ್ನು ಸೋಲಿಸಬೇಕು ಎಂಬ ಒಂದೇ ಗುರಿಯಿಂದ ಸ್ವತಂತ್ರ ಪಕ್ಷ, ಜನಸಂಘ, ಸಂಸ್ಥಾ ಕಾಂಗ್ರೆಸ್, ಸಂಯುಕ್ತ ಸಮಾಜವಾದಿಗಳು ‘ಮಹಾಮೈತ್ರಿ’ ಮಾಡಿಕೊಂಡರು. ಮದ್ರಾಸಿನಲ್ಲಿ ರಾಜಾಜಿ ತಮ್ಮ ಹಳೆಯ ಎದುರಾಳಿ ಕಾಮರಾಜರ ಪಕ್ಕ ನಿಂತರು. ಲೀಗ್ ಡಿಎಂಕೆ ಜೊತೆಯಲ್ಲೇ ಉಳಿಯಿತು. ನಾಲ್ಕು ವರ್ಷದ ಹಿಂದೆ ಒಂದೇ ಕೂಟದಲ್ಲಿದ್ದ ಇಬ್ಬರು ಹಿರಿಯರು ಈಗ ಎದುರುಬದುರು. ಸ್ವತಂತ್ರ ಪಕ್ಷ 44ರಿಂದ 8ಕ್ಕೆ ಇಳಿಯಿತು. ಅದೇ ವರ್ಷ ಡಿಎಂಕೆ ಸರ್ಕಾರ ಪಾನನಿಷೇಧ ತೆಗೆಯಹೊರಟಾಗ, ತೊಂಬತ್ತು ದಾಟಿದ ರಾಜಾಜಿ ಕರುಣಾನಿಧಿಯವರನ್ನು ಕಂಡು ಬೇಡ ಎಂದು ಕೇಳಿಕೊಂಡರು. ಸರ್ಕಾರ ಕೇಳಲಿಲ್ಲ.

1972ರ ಏಪ್ರಿಲ್‌ನಲ್ಲಿ ಇಸ್ಮಾಯಿಲ್ ಸಾಹೇಬರು ತೀರಿಕೊಂಡರು. ಟ್ರಿಪ್ಲಿಕೇನಿನ ವಾಲಾಜಾ ಮಸೀದಿಯ ಆವರಣದಲ್ಲಿ ಅವರ ಸಮಾಧಿಯಿದೆ. ರಾಜಾಜಿ ಹಾಲಿನಿಂದ ದೂರವೇನಿಲ್ಲ. ಡಿಸೆಂಬರ್ 25ರಂದು ರಾಜಾಜಿಯೂ ಹೋದರು. 1974ರಲ್ಲಿ ಸ್ವತಂತ್ರ ಪಕ್ಷ ಭಾರತೀಯ ಲೋಕದಳದಲ್ಲಿ ಸೇರಿಹೋಯಿತು. ಆಸ್ತಿಯನ್ನೂ ಧರ್ಮವನ್ನೂ ಕಾಪಾಡಬೇಕು, ಆದರೆ ಪಕ್ಕದ ಮನೆಯ ಮುಸ್ಲಿಮನನ್ನು ಶತ್ರು ಮಾಡಬಾರದು ಎನ್ನುವ ರಾಜಕೀಯಕ್ಕೆ ಆಮೇಲೆ ಅಷ್ಟು ದೊಡ್ಡ ಪಕ್ಷ ಸಿಗಲಿಲ್ಲ. ನಮಗಾದ ನಷ್ಟ ಅದು.

ಹಾಗಾದರೆ ಆ ಹುಡುಗನಿಗೆ ನಾನೇನು ಹೇಳಬೇಕು? ಯಾರನ್ನಾದರೂ ‘ಸಂಪ್ರದಾಯವಾದಿ’ ಅನ್ನುವ ಮೊದಲು ಎರಡು ಪ್ರಶ್ನೆ ಕೇಳು. ಒಂದು, ಇವರು ಏನನ್ನು ಉಳಿಸಲು ಹೊರಟಿದ್ದಾರೆ: ಹೊಲವನ್ನಾ, ಅಂಗಡಿಯನ್ನಾ, ನಮಾಜು-ಪೂಜೆಯನ್ನಾ, ಜಾತಿಯ ಏಣಿಯನ್ನಾ? ಎರಡು, ಅದನ್ನು ಉಳಿಸಲು ಬೆಲೆ ಕೊಡುವವರು ಯಾರು? ಬಡ್ಡಿ ಮುಟ್ಟದ ದಾದಾ ತನ್ನ ನಿಯಮಕ್ಕೆ ತಾನೇ ಬೆಲೆ ಕೊಡುತ್ತಾರೆ. ಕುಲ ಕಲ್ವಿಗೆ ಬೆಲೆ ಕೊಡಬೇಕಾಗಿದ್ದವರು ಕುಂಬಾರನ ಮಕ್ಕಳು.

ಈ ಎರಡನೇ ಪ್ರಶ್ನೆಯನ್ನು ನಮ್ಮ ಮನೆಯೊಳಗೂ ಕೇಳಬೇಕಾಗುತ್ತದೆ, ಓದುಗರೇ. ಶರೀಅತ್ ಉಳಿಸುತ್ತೇವೆ ಎಂದು ಸಭೆಗಳಲ್ಲಿ ಹೇಳುತ್ತೇವೆ. ಅದೇ ಶರೀಅತ್ ಮಗಳಿಗೆ ಕೊಟ್ಟಿರುವ ಆಸ್ತಿಯ ಪಾಲನ್ನು ‘ನಮ್ಮ ಕಡೆ ಹಾಗೆ ಕೊಡೋ ರೂಢಿ ಇಲ್ಲ’ ಎಂದು ತಡೆಹಿಡಿದ ಮನೆಗಳು ನಿಮಗೂ ಗೊತ್ತು, ನನಗೂ ಗೊತ್ತು. ಅಲ್ಲಿ ಉಳಿಯುತ್ತಿರುವುದು ದೀನಾ, ಅಣ್ಣತಮ್ಮಂದಿರ ಜಮೀನಾ?

ಮುಂದಿನ ಸಲ ಚೆನ್ನೈಗೆ ಹೋದಾಗ ವಾಲಾಜಾ ಮಸೀದಿಯಲ್ಲಿ ಫಾತಿಹಾ ಓದಿ, ಹಾಗೇ ರಾಜಾಜಿ ಹಾಲಿನ ತನಕ ಹೋಗಿ ಬನ್ನಿ. ಜೊತೆಗೆ ಮಕ್ಕಳಿದ್ದರೆ, ಆ ಹುಡುಗನ ಪ್ರಶ್ನೆಯನ್ನು ಅವರಿಗೂ ಕೇಳಿ.