ಬೌದ್ಧಿಕ ಅಸಾಮರ್ಥ್ಯವುಳ್ಳವರ ಸ್ಥಳೀಯ ಸಾರಿಗೆ

ಬೌದ್ಧಿಕ ಅಸಾಮರ್ಥ್ಯವುಳ್ಳವರ ಸ್ಥಳೀಯ ಸಾರಿಗೆ ಎಂದರೆ, ವಿಷಯಗಳನ್ನು ಗ್ರಹಿಸಲು, ನೆನಪಿಡಲು ಮತ್ತು ಹೊಸ ಸಂದರ್ಭಗಳಿಗೆ ಹೊಂದಿಕೊಳ್ಳಲು ಹೆಚ್ಚಿನ ನೆರವು ಬೇಕಾಗುವ ವ್ಯಕ್ತಿಗಳು ಶಾಲೆ, ಆಸ್ಪತ್ರೆ, ಸಂತೆ, ಕೆಲಸದ ಸ್ಥಳಗಳಿಗೆ ಹೋಗಿಬರಲು ಇರುವ ವ್ಯವಸ್ಥೆ ಹಾಗೂ ಅದರ ಸುಧಾರಣೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಈ ಗುಂಪಿನ 93,974 ಜನರಿದ್ದರು. ರಾಜ್ಯದ ಒಟ್ಟು ಅಂಗವಿಕಲರ ಸಂಖ್ಯೆ 13,24,205 ಆಗಿತ್ತು. ಭಾರತದ ಸಾರಿಗೆ ನಿಯಮಗಳಲ್ಲಿ ಅಂಗವಿಕಲರಿಗಾಗಿ ಹೇಳಿರುವ ಸೌಲಭ್ಯಗಳು ಬಹುತೇಕ ಗಾಲಿಕುರ್ಚಿ, ಊರುಗೋಲು ಮತ್ತು ಇಳಿಜಾರು ಹಾದಿಗೆ ಸಂಬಂಧಿಸಿದವು. ಮೆಟ್ಟಿಲು ಹತ್ತಬಲ್ಲ, ಆದರೆ ಯಾವ ಬಸ್ಸು ಹತ್ತಬೇಕೆಂದು ತಿಳಿಯದ ವ್ಯಕ್ತಿಯ ತೊಡಕು ಅವುಗಳಲ್ಲಿ ಹೆಚ್ಚಾಗಿ ಹೊರಗುಳಿದಿದೆ.

ಪದಬಳಕೆ

ಕನ್ನಡದ ಸರ್ಕಾರಿ ಬರಹಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಪದ 'ಬುದ್ಧಿಮಾಂದ್ಯತೆ'. ಬ್ರಿಟನ್ನಿನಲ್ಲಿ 'ಲರ್ನಿಂಗ್ ಡಿಸೆಬಿಲಿಟಿ' ಎಂದರೆ ಇದೇ ಸ್ಥಿತಿ. ಭಾರತದಲ್ಲಿ ಮಾತ್ರ 'ಕಲಿಕಾ ನ್ಯೂನತೆ' ಎಂದಾಗ ಸಾಮಾನ್ಯವಾಗಿ ಡಿಸ್ಲೆಕ್ಸಿಯಾದಂತಹ ಓದು-ಬರಹದ ತೊಂದರೆಗಳನ್ನು ಸೂಚಿಸುತ್ತಾರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ಅನುಸೂಚಿಯು ಎರಡನ್ನೂ, ಸ್ವಲೀನತೆಯೊಂದಿಗೆ, 'ಬೌದ್ಧಿಕ ಅಸಾಮರ್ಥ್ಯ' ಎಂಬ ಒಂದೇ ಶೀರ್ಷಿಕೆಯಡಿ ಇರಿಸಿದೆ. ಪಾಸು ಅಥವಾ ರಿಯಾಯಿತಿಗೆ ಅರ್ಜಿ ಹಾಕುವವರಿಗೆ ಈ ವ್ಯತ್ಯಾಸ ತಿಳಿದಿರುವುದು ಅಗತ್ಯ. ರೈಲ್ವೆಯ ರಿಯಾಯಿತಿ ಎಲ್ಲ ಬಗೆಯ ನ್ಯೂನತೆಗಳಿಗೂ ಅನ್ವಯಿಸುವುದಿಲ್ಲ.

ಅಡಚಣೆಗಳ ಸ್ವರೂಪ: ಕೊಣ್ಣೂರಿನ ನಿದರ್ಶನ

ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಕೊಣ್ಣೂರು ಮಲಪ್ರಭಾ ನದಿಯ ಬಳಿ, ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿರುವ ಗ್ರಾಮ. ಈ ಮಾರ್ಗ ಹಿಂದೆ ರಾಷ್ಟ್ರೀಯ ಹೆದ್ದಾರಿ 218 ಆಗಿತ್ತು, ಈಗ 52. ಊರಿಗೆ ರೈಲು ಸಂಪರ್ಕವಿಲ್ಲ. ಗದಗ–ಬಾಗಲಕೋಟೆ ರೈಲು ಮಾರ್ಗ ಪೂರ್ವಕ್ಕೆ, ರೋಣ ತಾಲ್ಲೂಕಿನ ಹೊಳೆಆಲೂರಿನ ಮೂಲಕ ಹಾದುಹೋಗುತ್ತದೆ. ಆದುದರಿಂದ ಇಲ್ಲಿನವರು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳನ್ನೂ, ಈ ಭಾಗದಲ್ಲಿ ಟಂಟಂ ಎಂದು ಕರೆಯುವ ಬಾಡಿಗೆ ವಾಹನಗಳನ್ನೂ ಅವಲಂಬಿಸಬೇಕು.

ಇಂತಹ ಊರಿನಿಂದ ತಾಲ್ಲೂಕು ಕೇಂದ್ರಕ್ಕೆ ಒಬ್ಬರೇ ಹೋಗಿಬರಲು ಬೇಕಾಗುವ ತಿಳಿವಳಿಕೆ ಕಡಿಮೆಯದಲ್ಲ. ವೇಗವಾಗಿ ವಾಹನಗಳು ಓಡುವ ಹೆದ್ದಾರಿಯನ್ನು ದಾಟಿ ಸರಿಯಾದ ದಿಕ್ಕಿನ ಬದಿಯಲ್ಲಿ ನಿಲ್ಲಬೇಕು. ದೂರದ ಊರುಗಳ ನಡುವಿನ ವೇಗದೂತ ಬಸ್ಸು ಎಲ್ಲ ಹಳ್ಳಿಗಳಲ್ಲಿ ನಿಲ್ಲುವುದಿಲ್ಲ. ಬಸ್ಸಿನ ಮುಂದಿನ ಫಲಕದಲ್ಲಿ ಅದು ತಲುಪುವ ಕೊನೆಯ ಊರಿನ ಹೆಸರು ದೊಡ್ಡದಾಗಿರುತ್ತದೆಯೇ ಹೊರತು ಪ್ರಯಾಣಿಕ ಇಳಿಯಬೇಕಾದ ಊರಿನದಲ್ಲ. ನರಗುಂದಕ್ಕೆ ಹೋಗಬೇಕಾದವರು 'ಹುಬ್ಬಳ್ಳಿ' ಎಂಬ ಫಲಕದ ಬಸ್ಸು ಹತ್ತಬೇಕಾಗುವುದು ಓದಬಲ್ಲವರಿಗೆ ಸಹಜ. ಹೆಸರನ್ನು ಅಕ್ಷರದ ಆಕಾರದಿಂದ ಗುರುತಿಸಲು ಕಲಿತವರಿಗೆ ಅದು ದೊಡ್ಡ ಗೊಂದಲ.

ಇದಕ್ಕೆ ಎದುರಾಗಿ, ನಿರ್ವಾಹಕರು ಊರುಗಳ ಹೆಸರನ್ನು ಕೂಗಿ ಹೇಳುವ ಪದ್ಧತಿ ಉತ್ತರ ಕರ್ನಾಟಕದ ಬಸ್ಸುಗಳಲ್ಲಿ ಹಳೆಯದು. ಬೌದ್ಧಿಕ ಅಸಾಮರ್ಥ್ಯವುಳ್ಳವರ ದೃಷ್ಟಿಯಿಂದ ಬಸ್ಸಿನಲ್ಲಿರುವ ಅತ್ಯಂತ ಉಪಯುಕ್ತ ಸೌಲಭ್ಯ ಇದೇ ಎನ್ನಬಹುದು. ನಿರ್ವಾಹಕರ ಹತ್ತಿರದ ಆಸನ, ಇಳಿಯುವ ಊರಿನ ಹೆಸರಿರುವ ಚೀಟಿ, ಅದೇ ಸಮಯದ ಅದೇ ಬಸ್ಸು, ಪರಿಚಿತ ಸಿಬ್ಬಂದಿ ಇವುಗಳಿಗೆ ಹೆಚ್ಚಿನ ವೆಚ್ಚ ತಗಲದು. ಆದರೆ ಸಿಬ್ಬಂದಿ ಬದಲಾದಾಗ ಅಥವಾ ಬಸ್ಸು ತಪ್ಪಿದಾಗ ಇಡೀ ವ್ಯವಸ್ಥೆ ಕುಸಿಯುತ್ತದೆ.

ಕಲಿತ ದಾರಿ ಒಮ್ಮೆಲೇ ಇಲ್ಲವಾಗುವ ಸಂದರ್ಭವೂ ಉಂಟು. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ಪ್ರವಾಹದಿಂದ ಕೊಣ್ಣೂರು ಜಲಾವೃತಗೊಂಡು, ಹೆದ್ದಾರಿಯ ಸಂಚಾರ ಕಡಿತಗೊಂಡಿತ್ತು. ಬದಲಿ ಮಾರ್ಗದ ಸೂಚನೆಗಳು ಸಾಮಾನ್ಯವಾಗಿ ಪತ್ರಿಕೆಯಲ್ಲೋ ಫಲಕದಲ್ಲೋ ಬರುತ್ತವೆ. ಒಂದೇ ದಾರಿಯನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರಿಗೆ ಇಂತಹ ಬದಲಾವಣೆಯನ್ನು ಮನೆಯವರ ಮೂಲಕ ಮೊದಲೇ ತಿಳಿಸುವ ಕ್ರಮ ಬೇಕಾಗುತ್ತದೆ.

ಪ್ರಮಾಣಪತ್ರ ಮತ್ತು ರಿಯಾಯಿತಿಗಳು

ರಿಯಾಯಿತಿ ಪಡೆಯಲು ಅಂಗವಿಕಲತೆಯ ಪ್ರಮಾಣಪತ್ರ ಬೇಕು. ಅದಕ್ಕಾಗಿಯೇ ಕುಟುಂಬವು ಪ್ರಯಾಣ ಕೈಗೊಳ್ಳಬೇಕಾಗುತ್ತದೆ. 2018ರ ಕೇಂದ್ರ ಮಾರ್ಗಸೂಚಿಯು ಬೌದ್ಧಿಕ ಅಸಾಮರ್ಥ್ಯದ ಪ್ರಮಾಣವನ್ನು ವೈನ್‌ಲ್ಯಾಂಡ್ ಸಾಮಾಜಿಕ ಪಕ್ವತಾ ಮಾಪನದ ಅಂಕಗಳಿಂದ ನಿರ್ಧರಿಸಿತು: ಸೌಮ್ಯ ಮಟ್ಟಕ್ಕೆ ಶೇ 50, ಮಧ್ಯಮ ಮಟ್ಟಕ್ಕೆ ಶೇ 75, ತೀವ್ರಕ್ಕೆ ಶೇ 90, ಅತಿ ತೀವ್ರಕ್ಕೆ ಶೇ 100. ಈ ಮಾಪನದಲ್ಲಿ ಓಡಾಟವೇ ಒಂದು ವಿಭಾಗ. ನೆರೆಹೊರೆಗೆ, ಬಳಿಕ ದೂರದ ಸ್ಥಳಗಳಿಗೆ ಒಬ್ಬರೇ ಹೋಗಬಲ್ಲರೇ ಎಂಬುದನ್ನೂ ಅದು ಅಳೆಯುತ್ತದೆ. ಅಂದರೆ ಸಾರಿಗೆ ಇಲ್ಲದ ಕಾರಣಕ್ಕೆ ಎಂದೂ ಒಬ್ಬರೇ ಹೋಗದವರ ಅಂಕವೂ ಕಡಿಮೆಯಾಗುವ ಸಾಧ್ಯತೆಯಿದೆ.

ರಾಜ್ಯದ ಸಾರಿಗೆ ಸಂಸ್ಥೆಗಳು ವಿಕಲಚೇತನರಿಗೆ ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಯ ವಾರ್ಷಿಕ ರಿಯಾಯಿತಿ ಪಾಸನ್ನು 660 ರೂಪಾಯಿಗೆ ನೀಡುತ್ತಾ ಬಂದಿವೆ. ಅರ್ಜಿಯನ್ನು ಸೇವಾಸಿಂಧು ಜಾಲತಾಣದಲ್ಲಿ ಸಲ್ಲಿಸಬೇಕು. ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದಕ್ಕೆ ನೆರವಾಗುತ್ತಾರೆ. ಕೊಣ್ಣೂರಿನವರಿಗೆ ನರಗುಂದ, ಗದಗ, ಹುಬ್ಬಳ್ಳಿ ಹಾಗೂ ಮಾನಸಿಕ ಆರೋಗ್ಯ ಸಂಸ್ಥೆಯಿರುವ ಧಾರವಾಡ ಇವೆಲ್ಲ ಈ ವ್ಯಾಪ್ತಿಯೊಳಗೆ ಬರುತ್ತವೆ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಇದು ಅಂಗವಿಕಲರಿಗಾಗಿ ರೂಪಿಸಿದ ಯೋಜನೆಯಲ್ಲ. ಆದರೂ ಮಗುವಿನ ಜೊತೆ ಹೋಗುವ ತಾಯಿ, ಅಜ್ಜಿ ಅಥವಾ ಅಕ್ಕನ ಪ್ರಯಾಣದ ಖರ್ಚು ಇದರಿಂದ ಉಳಿಯಿತು. ತಂದೆಯೋ ಅಣ್ಣನೋ ಜೊತೆಗಿದ್ದರೆ ಆ ಅನುಕೂಲವಿಲ್ಲ.

ರೈಲ್ವೆಯು ಜೊತೆಗಾರರಿಲ್ಲದೆ ಪ್ರಯಾಣಿಸಲಾಗದ ಬೌದ್ಧಿಕ ಅಸಾಮರ್ಥ್ಯವುಳ್ಳವರಿಗೆ ಎರಡನೆಯ ದರ್ಜೆ ಮತ್ತು ಸ್ಲೀಪರ್ ದರ್ಜೆಗಳಲ್ಲಿ ಶೇ 75 ರಿಯಾಯಿತಿ ನೀಡುತ್ತದೆ. ಜೊತೆಗಾರರೊಬ್ಬರಿಗೂ ಅಷ್ಟೇ ರಿಯಾಯಿತಿ ದೊರೆಯುತ್ತದೆ.

ಕಾನೂನು

2016ರ ಅಧಿನಿಯಮವು 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. ಅದರ 41ನೇ ಕಲಂ ಬಸ್ ನಿಲ್ದಾಣ, ವಾಹನ ಮತ್ತು ರಸ್ತೆಗಳು ಎಲ್ಲ ಅಂಗವಿಕಲರಿಗೂ ಸುಗಮವಾಗಿರಬೇಕೆಂದೂ, ಕೈಗೆಟಕುವ ವೆಚ್ಚದಲ್ಲಿ ಅವರ ಓಡಾಟಕ್ಕೆ ಯೋಜನೆಗಳನ್ನು ರೂಪಿಸಬೇಕೆಂದೂ ಹೇಳುತ್ತದೆ. 16ನೇ ಕಲಂ ಶಾಲಾ ಮಕ್ಕಳಿಗೆ ಮಾತ್ರವಲ್ಲದೆ, ಹೆಚ್ಚಿನ ನೆರವು ಬೇಕಾದ ಮಕ್ಕಳ ಸಹಾಯಕರಿಗೂ ಸಾರಿಗೆ ಒದಗಿಸುವ ಹೊಣೆಯನ್ನು ಹೇಳಿದೆ. ಆದರೆ 2020ರ ಮಾರ್ಚ್ 1ರಿಂದ ಅನ್ವಯವಾದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯು ಬಸ್ಸುಗಳಿಗೆ ಸೂಚಿಸಿದ್ದು ಆದ್ಯತಾ ಆಸನ, ಹಿಡಿಕಂಬಿ, ಊರುಗೋಲು ಇಡುವ ಜಾಗ, ಗಾಲಿಕುರ್ಚಿಯ ವ್ಯವಸ್ಥೆ ಮೊದಲಾದವನ್ನು. ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು, ಸುಗಮತೆಯ ಮಾನದಂಡಗಳು ಕೇವಲ ಶಿಫಾರಸುಗಳಾಗಿರದೆ ಕಡ್ಡಾಯವಾಗಿರಬೇಕು ಎಂದು ತೀರ್ಪಿತ್ತಿತು.

ಪ್ರಯಾಣ ತರಬೇತಿ

ಒಂದು ನಿರ್ದಿಷ್ಟ ದಾರಿಯನ್ನು ಹಂತಹಂತವಾಗಿ ಕಲಿಸುವುದಕ್ಕೆ ಪ್ರಯಾಣ ತರಬೇತಿ ಎನ್ನುತ್ತಾರೆ. ಬ್ರಿಟನ್ ಮತ್ತು ಅಮೆರಿಕದಲ್ಲಿ ಇದು ರೂಢಿಯಲ್ಲಿದೆ. ತರಬೇತುದಾರರು ಮೊದಲು ಪಕ್ಕದಲ್ಲಿ ಕುಳಿತು ಪ್ರಯಾಣಿಸುತ್ತಾರೆ. ನಂತರ ಅದೇ ಬಸ್ಸಿನಲ್ಲಿ ದೂರ ಕೂರುತ್ತಾರೆ. ಆಮೇಲೆ ನಿಲ್ದಾಣದಲ್ಲಿ ಕಾಯುತ್ತಾರೆ. ಗುಡಿ, ಸೇತುವೆ, ನೀರಿನ ಟ್ಯಾಂಕ್‌ನಂತಹ ಗುರುತುಗಳನ್ನು ಚಿತ್ರಗಳ ಮೂಲಕ ಕಲಿಸುತ್ತಾರೆ. ಬಸ್ಸು ತಪ್ಪಿದರೆ ಯಾರನ್ನು ಕೇಳಬೇಕು, ಅಪರಿಚಿತರು ಕರೆದರೆ ಏನು ಹೇಳಬೇಕು ಎಂಬುದನ್ನು ಬೇರೆಯಾಗಿಯೇ ಅಭ್ಯಾಸ ಮಾಡಿಸಬೇಕಾಗುತ್ತದೆ. ಎಲ್ಲರೂ ಒಬ್ಬರೇ ಪ್ರಯಾಣಿಸುವ ಹಂತ ತಲುಪುವುದಿಲ್ಲ. ಜೊತೆಗಾರರೊಂದಿಗೆ ಆತಂಕವಿಲ್ಲದೆ ಹೋಗಿಬರುವುದೂ ತರಬೇತಿಯ ಫಲವೇ.

ಕುಟುಂಬಗಳ ಹಿಂಜರಿಕೆಗೆ ಸಕಾರಣಗಳಿವೆ: ದಾರಿ ತಪ್ಪುವ, ಮೋಸಕ್ಕೆ ಅಥವಾ ದೌರ್ಜನ್ಯಕ್ಕೆ ಒಳಗಾಗುವ ಭಯ. ಅಮೆರಿಕದ ಲೇಖಕ ರಾಬರ್ಟ್ ಪರ್ಸ್ಕೆ 1972ರಲ್ಲಿ ಈ ಪ್ರಶ್ನೆಯನ್ನು ಎತ್ತಿ, ಅತಿಯಾದ ರಕ್ಷಣೆಯೂ ವ್ಯಕ್ತಿಯ ಘನತೆಯನ್ನು ಕುಗ್ಗಿಸುತ್ತದೆ ಎಂದು ವಾದಿಸಿದರು. ಹೆದ್ದಾರಿಯ ಅಂಚಿನ ಊರುಗಳಲ್ಲಿ ಈ ವಾದಕ್ಕೆ ಮಿತಿಯಿದೆ: ದಾಟುವ ಜಾಗ ಸುರಕ್ಷಿತವಾಗಿಲ್ಲದಿದ್ದರೆ ತರಬೇತಿಯ ಹೊರೆಯೆಲ್ಲ ಪ್ರಯಾಣಿಕರ ಮೇಲೆಯೇ ಬೀಳುತ್ತದೆ.

ಇತರ ದೇಶಗಳಲ್ಲಿ

ಇಂಗ್ಲೆಂಡಿನಲ್ಲಿ ಈ ಗುಂಪಿನವರಿಗೆ ಸ್ಥಳೀಯ ಬಸ್ಸುಗಳ ಉಚಿತ ಪಾಸು ದೊರೆಯುತ್ತದೆ. ಜೊತೆಗಾರರ ಪಾಸು ಸ್ಥಳೀಯ ಆಡಳಿತದ ವಿವೇಚನೆಗೆ ಬಿಟ್ಟದ್ದು. ಬ್ರಿಟನ್ನಿನ 2023ರ ನಿಯಮಗಳು ಸ್ಥಳೀಯ ಬಸ್ಸುಗಳಲ್ಲಿ ಮುಂದಿನ ನಿಲ್ದಾಣವನ್ನು ಧ್ವನಿ ಮತ್ತು ಅಕ್ಷರ ಎರಡರಲ್ಲೂ ತಿಳಿಸಬೇಕೆನ್ನುತ್ತವೆ. ಹೊರನೋಟಕ್ಕೆ ಕಾಣದ ಅಂಗವಿಕಲತೆಯನ್ನು ಸಿಬ್ಬಂದಿಗೆ ಸೂಚಿಸುವ ಸೂರ್ಯಕಾಂತಿ ಚಿತ್ರದ ಕೊರಳಪಟ್ಟಿಯ ಬಳಕೆ 2016ರಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ವಿಮಾನ ನಿಲ್ದಾಣದಲ್ಲಿ ಆರಂಭವಾಗಿ ಅನೇಕ ದೇಶಗಳಿಗೆ ಹರಡಿತು.