ಅಂಗಡಿ ಪ್ರತಿಮೆಗಳು, ಅಮೆರಿಕದ
ಹೊಗೆಸೊಪ್ಪಿನ ಅಂಗಡಿಗಳ ಮುಂದೆ ಗುರುತಿಗಾಗಿ ನಿಲ್ಲಿಸುತ್ತಿದ್ದ, ಬಣ್ಣ ಬಳಿದ ಮರದ ಆಕೃತಿಗಳು. ಇಂಗ್ಲೆಂಡಿನಲ್ಲಿ 17ನೆಯ ಶತಮಾನದಲ್ಲೇ ಇದ್ದ ಈ ರೂಢಿ ಅಮೆರಿಕದಲ್ಲಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಉಚ್ಛ್ರಾಯಕ್ಕೇರಿತು. ಹಾಯಿಹಡಗುಗಳ ಕಾಲ ಮುಗಿಯುತ್ತ ಬಂದಂತೆ, ಹಡಗಿನ ಮುಂತುದಿಗೆ ಪ್ರತಿಮೆ ಕೆತ್ತುತ್ತಿದ್ದವರು ಇತ್ತ ಹೊರಳಿದರು. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ರಾಬ್ (1851–1928) ಇವರಲ್ಲಿ ಪ್ರಸಿದ್ಧ. ಬಿಳಿ ಪೈನ್ ದಿಮ್ಮಿಯನ್ನು ಕೊಡಲಿಯಿಂದ ಒರಟಾಗಿ ಸವರಿ, ಉಳಿಯಿಂದ ತಿದ್ದುತ್ತಿದ್ದರು; ರಾತ್ರಿ ಒಳಗೆ ತಳ್ಳಿಕೊಳ್ಳಲು ಹಲವು ಪೀಠಗಳಿಗೆ ಚಕ್ರಗಳಿದ್ದವು. ಕಸುಬು ಕಲಿತ ವೃತ್ತಿಪರರ ಈ ಕೆಲಸವನ್ನು ‘ಜನಪದ ಕಲೆ’ ಎನ್ನುವುದು ತುಸು ಸಡಿಲ ಮಾತೇ. ತುರ್ಕಿಯವ, ನಾವಿಕ, ವಿದೂಷಕ ಪಂಚ್ ಮುಂತಾದ ರೂಪಗಳಿದ್ದರೂ ಮೂಲನಿವಾಸಿಗಳ ರೂಪವೇ ಹೆಚ್ಚು. ಅವು ನಿಜಜನರ ಚಿತ್ರಣವಲ್ಲ, ಬಿಳಿಯರ ಕಲ್ಪನೆ. ಮೂಲನಿವಾಸಿಗಳು ಅವನ್ನು ಅವಹೇಳನವೆಂದು ಆಕ್ಷೇಪಿಸಿದ್ದಾರೆ. ಕಾಲುದಾರಿಗೆ ಅಡ್ಡಿಯೆಂಬ ನಗರ ಕಟ್ಟಳೆಗಳೂ ವಿದ್ಯುತ್ ಫಲಕಗಳೂ ಬಂದಮೇಲೆ ಇವು ಮೂಲೆಗುಂಪಾದವು. ವರ್ಮಾಂಟಿನ ಶೆಲ್ಬರ್ನ್ ಮ್ಯೂಸಿಯಂನಲ್ಲಿ ಕೆಲವನ್ನು ಕಾಣಬಹುದು.